ಕಡಕೊಳದ ಕ್ರಾಸಿಂಗ್

ಜಯಲಕ್ಷ್ಮಿಪುರಂ, ಮೈಸೂರು
೮ ಜೂನ್ ೨೦೦೩

ಸಿದ್ದು,

ನೀನು ಯೋಗ ಹೇಳಿಕೊಡಲು ಜರ್ಮನಿಗೆ ಹೋಗಿ ಏಳು ವರ್ಷವಾಯಿತು. ಈ ಏಳು ವರ್ಷದಲ್ಲಿ ನಾನು ನಿನ್ನನ್ನು ಏನೂ ಕೇಳಿದವನಲ್ಲ. ಪುಟಾಣಿ ರೈಲಿನ ಹಳಿ, ಮೋಟರು ಚಕ್ರ ಇರುವ ನಾಲ್ಕು ಹಳೇ ಚಾಸಿಸ್, ಚಿತ್ರದ ಪುಸ್ತಕ ಎಲ್ಲ ನೀನಾಗಿ ಕಳಿಸಿದೆ, ನಾನು ಇಟ್ಟುಕೊಂಡೆ. ಈಗ ಬಾಯಿಬಿಟ್ಟು ಒಂದು ಕೇಳುತ್ತಿದ್ದೇನೆ.

ಮೇಲಿನ ರೂಮಿನಲ್ಲಿ ನಮ್ಮ ಚಾಮರಾಜನಗರದ ಲೈನು ಒಂದು ಹಂತಕ್ಕೆ ಬಂತು. ಮೈಸೂರು ಸ್ಟೇಷನ್ನಿನಿಂದ ನಂಜನಗೂಡಿನವರೆಗೆ, ಗೋಡೆಗುಂಟ ಹದಿನೆಂಟು ಅಡಿ. ಕಪಿಲೆಯ ಸೇತುವೆ ಇದೆ. ಕಡಕೊಳದಲ್ಲಿ ಸ್ಟೇಷನ್ನಿನ ಹೊರಗೆ ಗಾಡಿ ತಡೆಯುವ ಹೋಮ್ ಸಿಗ್ನಲ್ಲು, ಲೂಪ್ ಲೈನು, ಬೇವಿನ ಮರದ ಕೆಳಗೆ ಕಲ್ಲುಬೆಂಚು ಕೂಡ ಇದೆ. ಹಿತ್ತಾಳೆ ತಗಡು ಕತ್ತರಿಸಿ ನಾನೇ ಬೆಸೆದ ಸ್ಟೀಮ್ ಇಂಜಿನ್ ಒಂದು, ಡೀಸೆಲ್ ಒಂದು ಓಡುತ್ತವೆ. ಅಸಲಿ ಲೈನಿನ ಮೀಟರ್‌ಗೇಜ್ ಇನ್ನು ಕೆಲವು ವರ್ಷದಲ್ಲಿ ಕಿತ್ತುಹಾಕುತ್ತಾರಂತೆ. ನನ್ನದನ್ನು ಯಾರೂ ಕೀಳುವುದಿಲ್ಲ.

ರಿಟೈರಾದ ಡ್ರೈವರುಗಳು, ಗಾರ್ಡುಗಳು ವರ್ಷಕ್ಕೊಮ್ಮೆ ಸೇರುತ್ತೇವಲ್ಲ, ಬರುವ ಜನವರಿ ೨೬ಕ್ಕೆ ನಮ್ಮ ಮನೆಗೇ ಬನ್ನಿ ಅಂದುಬಿಟ್ಟೆ. ಕಡಕೊಳದಲ್ಲಿ ಕ್ರಾಸಿಂಗ್ ತೋರಿಸುತ್ತೇನೆ ಅಂತಲೂ ಅಂದೆ. ಒಂದು ಗಾಡಿ ಲೂಪಿನಲ್ಲಿ ಕಾಯಬೇಕು, ಎದುರು ಗಾಡಿ ಪಕ್ಕದಲ್ಲಿ ಹಾದುಹೋಗಬೇಕು, ಆಮೇಲೆ ಇದು ಹೊರಡಬೇಕು. ಈಗಿರುವ ಹಳೇ ಕಂಟ್ರೋಲ್ ಪೆಟ್ಟಿಗೆಯಲ್ಲಿ ಹಳಿಗೆ ಕರೆಂಟು ಬಿಟ್ಟರೆ ಮೇಲಿರುವ ಇಂಜಿನ್ನುಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಅದನ್ನು ತಡೆಯಲು ಹಳಿಯನ್ನು ತುಂಡು ಮಾಡಿ ಹನ್ನೊಂದು ಸ್ವಿಚ್ಚು ಹಾಕಿದ್ದೇನೆ. ಹನ್ನೊಂದು ಸ್ವಿಚ್ಚು ಹುಡುಕಿ ಹುಡುಕಿ ಒತ್ತುವುದು ಡ್ರೈವರ್ ಕೆಲಸವಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನವರ ಕೆಲಸ.

ಡಿಜಿಟಲ್ ಕಂಟ್ರೋಲರ್ ಅಂತ ಬಂದಿದೆಯಲ್ಲ, ನಿನ್ನ ಪುಸ್ತಕದಲ್ಲಿ ಹೋದ ವರ್ಷ ನೋಡಿದ್ದೆ. ಒಂದೊಂದು ಇಂಜಿನ್ನಿಗೂ ಒಂದೊಂದು ನಂಬರು. ಕರೆದ ಇಂಜಿನ್ನು ಮಾತ್ರ ಓಡುತ್ತದೆ. ಅದರಲ್ಲಿ ನನಗೆ ಒಪ್ಪುವುದು ಯಾವುದು, ವಿಚಾರಿಸಿ ಬರಿ.

ಪೆನ್ನು ಹೊಸದು, ಶಾಯಿ ಜಾಸ್ತಿ ಬಿಡುತ್ತದೆ, ಅದಕ್ಕೇ ಅಕ್ಷರ ಇಷ್ಟು ದಪ್ಪ. ನಿಮ್ಮಕ್ಕ ಆರೋಗ್ಯವಾಗಿದ್ದಾಳೆ.

ಚನ್ನಬಸವಯ್ಯ


ನ್ಯೂರೆಂಬರ್ಗ್
೨ ಜುಲೈ ೨೦೦೩

ಭಾವ, ಶರಣು.

ನಿಮ್ಮ ಕಾಗದ ಓದಿ ಕುಣಿದುಬಿಟ್ಟೆ. ನೀವು ನನ್ನ ಹತ್ತಿರ ಏನಾದರೂ ಕೇಳೋದಾ! ಅಪ್ಪ ತೀರಿಕೊಂಡ ಮೇಲೆ ಒಂಬತ್ತು ವರ್ಷದ ನನ್ನನ್ನು ನೀವೂ ಅಕ್ಕನೂ ಕರಕೊಂಡು ಬಂದಿರಲ್ಲ, ಆ ವಾರವೇ ನನ್ನನ್ನೆತ್ತಿ ಇಂಜಿನ್ ಮೇಲೆ ನಿಲ್ಲಿಸಿ, ವೇಗ ಹಿಡಿಯೋ ರೆಗ್ಯುಲೇಟರ್ ಹಿಡಿಕೆ ಮೇಲೆ ನನ್ನ ಕೈ ಇಟ್ಟು, ಅದರ ಮೇಲೆ ನಿಮ್ಮ ಕೈ ಇಟ್ಟು ಮೈಸೂರು ಯಾರ್ಡಿನಲ್ಲಿ ನೂರು ಗಜ ಓಡಿಸಿದಿರಿ. ಇವತ್ತಿಗೂ ನನ್ನ ಯೋಗದ ವಿದ್ಯಾರ್ಥಿಗಳಿಗೆ "ನಾನು ಮೊದಲು ಕಲಿತ ಆಸನ ಅದೇ" ಅಂತ ಹೇಳ್ತೀನಿ, ನಗ್ತಾರೆ.

ನಾನು ಪಾಠ ಮಾಡೋ ಬೀದಿಯಲ್ಲೇ ಫೋಗಲ್ ಅನ್ನೋ ಅಜ್ಜನ ರೈಲಿನ ಅಂಗಡಿ ಇದೆ. ಎರಡು ಸಂಜೆ ಅಲ್ಲೇ ಕೂತು ಮೂರು ಕಂಟ್ರೋಲರ್ ನೋಡಿದೆ.

ಒಂದರಲ್ಲಿ ದೊಡ್ಡ ನಾಬು, ಹತ್ತು ಬಟನ್, ಅಷ್ಟೆ. ಹತ್ತು ಇಂಜಿನ್ನಿಗೆ ಮುಗೀತು. ಇದನ್ನ ಮಕ್ಕಳಿಗೆ ಮಾರ್ತಾರಂತೆ. ಒಂದು ಊನವೂ ಇದೆ. ಒಂದು ಇಂಜಿನ್ ಜೋರಾಗಿ ಓಡ್ತಿರುವಾಗ ಇನ್ನೊಂದರ ಬಟನ್ ಒತ್ತಿಬಿಟ್ರೆ, ನಾಬು ಎಲ್ಲಿದೆಯೋ ಆ ವೇಗಕ್ಕೇ ಆ ಇನ್ನೊಂದು ಎಗರಿಬೀಳುತ್ತೆ. ಎರಡನೆಯದರಲ್ಲಿ ಸಣ್ಣ ಪರದೆ, ನಾಬು ಸುತ್ತಾ ತಿರುಗ್ತಾನೇ ಇರುತ್ತೆ, ಅದಕ್ಕೆ ಕೊನೆ ಅನ್ನೋದೇ ಇಲ್ಲ. ಮೂರನೆಯದೇ ರಾಜ. ನಾಬಿನ ಗೊಡವೆಯೇ ಇಲ್ಲ, ಎಲ್ಲಾ ಬಟನ್ನು. ದೊಡ್ಡ ಪರದೆ. ಯಾವ ಇಂಜಿನ್, ಎಷ್ಟು ವೇಗ, ದೀಪ ಹತ್ತಿದೆಯಾ ಇಲ್ವಾ, ಎಲ್ಲಾ ಅಕ್ಷರದಲ್ಲಿ ಬರುತ್ತೆ. ಒಂಬತ್ತು ಸಾವಿರ ಇಂಜಿನ್ ಬೇಕಾದರೂ ಸೇರಿಸಬಹುದು!

ಇದನ್ನೇ ತಗೊಳ್ಳೋಣ. ಹೂಂ ಅನ್ನಿ ಸಾಕು.

ನಿಮ್ಮ ಸಿದ್ದಲಿಂಗ


ಮೈಸೂರು
೨೫ ಜುಲೈ ೨೦೦೩

ಸಿದ್ದು,

ವಿವರವಾಗಿ ಬರೆದಿದ್ದೀಯ, ಸಂತೋಷ. ಮೂರೂ ಬೇಡ.

ಪರದೆ ಓದಿಕೊಂಡು ರೈಲು ಓಡಿಸುವವನು ಗುಮಾಸ್ತ. ಡ್ರೈವರ್ ರೋಡು ನೋಡುತ್ತಾನೆ. ಒಂದೇ ಥರದ ಇಪ್ಪತ್ತು ಬಟನ್ನಿನಲ್ಲಿ ಯಾವುದು ಬ್ರೇಕು ಯಾವುದು ಸೀಟಿ ಅಂತ ತಡಕಾಡುವ ವಯಸ್ಸಲ್ಲ ನನ್ನದು. ಎರಡನೆಯದರ ನಾಬಿಗೆ ತುದಿಮೊದಲಿಲ್ಲ ಅನ್ನುತ್ತೀಯ. ಗಾಡಿ ನಿಂತಿದೆಯೋ ಓಡುತ್ತಿದೆಯೋ ಕೈಗೆ ಗೊತ್ತಾಗದ ಮೇಲೆ ಅದು ಯಾತರ ನಾಬು? ಇನ್ನು ಮಕ್ಕಳದ್ದು ಅಂದೆಯಲ್ಲ, ಅದನ್ನಂತೂ ಕಳಿಸಲೇಬೇಡ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿದ್ದವನು ಬಂದವರ ಮುಂದೆ ಆಟದ ಸಾಮಾನು ಇಡಲಾರೆ.

ಅಜ್ಜನನ್ನು ಸರಿಯಾಗಿ ಕೇಳು. ಇನ್ನೇನಾದರೂ ಇರಬೇಕು.

ಚನ್ನಬಸವಯ್ಯ


ನ್ಯೂರೆಂಬರ್ಗ್
೧೪ ಆಗಸ್ಟ್ ೨೦೦೩

ಭಾವ,

ಕೋಪ ಮಾಡ್ಕೋಬೇಡಿ, ನೇರವಾಗಿ ಬರೀತಿದ್ದೀನಿ. ಫೋಗಲ್ ಅಜ್ಜನ ಮುಂದೆ ನಾನು ತಲೆ ತಗ್ಗಿಸಬೇಕಾಯ್ತು. ದೊಡ್ಡ ಕಂಟ್ರೋಲರನ್ನ ನಿಮ್ಮ ಹೆಸರಲ್ಲಿ ಎತ್ತಿಡಿಸಿದ್ದೆ. "ನಿಮ್ಮ ಭಾವನಿಗೆ ನಿಜವಾಗಿ ಏನು ಬೇಕು?" ಅಂತ ಕೇಳಿದರು.

ನನಗನ್ನಿಸೋದು ಇಷ್ಟೆ. ನಿಮಗೆ ಹೊಸದು ಅಂದ್ರೆ ಹೆದರಿಕೆ. ಡೀಸೆಲ್ ಇಂಜಿನ್ ಬಂದಾಗ ಹೆದರಿದ್ದ ಹಳೇ ಡ್ರೈವರುಗಳನ್ನ ನೀವೇ ಆಡ್ಕೋತಿದ್ರಿ. ಈಗ ನೀವೂ ಅವರ ಸಾಲಿಗೆ ಸೇರಿದಿರಿ. ಪರದೆ ಮೇಲೆ ಎಲ್ಲಾ ಬರೆದು ತೋರಿಸ್ತಿದ್ರೂ ಬೇಡ ಅಂದ್ರೆ ಏನು ಹೇಳ್ಲಿ? ಕಣ್ಣೆದುರಿಗಿದ್ರೂ ನೋಡಲ್ಲ ಅನ್ನೋ ಹಟ, ಅಷ್ಟೆ.

ಯೋಚನೆ ಮಾಡಿ ಬರೀರಿ.

ಸಿದ್ದಲಿಂಗ


ನ್ಯೂರೆಂಬರ್ಗ್
೩೦ ಸೆಪ್ಟೆಂಬರ್ ೨೦೦೩

ಭಾವ,

ಆರು ವಾರವಾಯ್ತು, ಕಾಗದ ಇಲ್ಲ. ಫೋನು ಮಾಡಿದರೆ ಅಕ್ಕ "ಇವರು ಮಲಗಿದ್ದಾರೆ" ಅಂತಾಳೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಮಲಗಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ಹೋದ ಕಾಗದದಲ್ಲಿ ಮಾತು ಖಾರವಾಯ್ತು, ಗೊತ್ತು. ಬೈದಾದರೂ ಬರೀರಿ.

ಸಿದ್ದು


ಮೈಸೂರು
೧೯ ಅಕ್ಟೋಬರ್ ೨೦೦೩

ಸಿದ್ದಲಿಂಗಸ್ವಾಮಿಗೆ,

ನಿಮ್ಮಕ್ಕನ ಕೈಬರಹ ನೋಡಿ ಗಾಬರಿಯಾಗಬೇಡ. ಹಿತ್ತಾಳೆ ತಗಡು ತಾಗಿ ನನ್ನ ಬೆರಳಿಗೆ ಗಾಯವಾಗಿದೆ. ನಾನು ಹೇಳಿದ್ದನ್ನು ಅವಳು ಬರೆಯುತ್ತಿದ್ದಾಳೆ.

ಕಂಟ್ರೋಲರ್ ವಿಷಯ ಇಲ್ಲಿಗೆ ಬಿಡು. ಬೇಕಿಲ್ಲ. ಜನವರಿಯ ಕಾರ್ಯಕ್ರಮವನ್ನೂ ಬೇರೆಯವರ ಮನೆಗೆ ಹಾಕಿಕೊಳ್ಳಿ ಅಂತ ಹೇಳಿಸುತ್ತೇನೆ. ನಿನ್ನ ಅಂಗಡಿಯ ಅಜ್ಜನಿಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿದೆ ಅಂತ ತಿಳಿಸು. ನಾನು ಯಾವತ್ತೂ ಯಾವುದಕ್ಕೂ ಹೆದರಿದವನಲ್ಲ.

ಚನ್ನಬಸವಯ್ಯ

ಸಿದ್ದು, ಇಲ್ಲಿಂದ ಮುಂದೆ ನಾನು ನೀಲ, ನನ್ನ ಮಾತು. ಇವರು ಹೇಳಿದ್ದು ಅಲ್ಲಿಗೆ ಮುಗೀತು. "ಓದು" ಅಂದ್ರು, ಓದಿದೆ. "ಅಂಟಿಸು" ಅಂದ್ರು, ಹೂಂ ಅಂದೆ. ಇನ್ನೂ ಅಂಟಿಸಿಲ್ಲ.

ನಿಮ್ಮ ಭಾವನಿಗೆ ಕಣ್ಣು ಹೋಗಿದೆ ಕಣೋ. ಗ್ಲಾಕೋಮಾ ಅಂತೆ. ಎಡಗಣ್ಣು ಹೋದ ವರ್ಷವೇ ಹೋಗಿತ್ತು, ನನಗೂ ಹೇಳಿರಲಿಲ್ಲ. ಬಲಗಣ್ಣಲ್ಲಿ ಈಗ ಬೆಳಕಿದೆಯೋ ಕತ್ತಲೋ ಅಂತ ತಿಳಿಯುತ್ತೆ, ಅಷ್ಟೆ. ಹೋಗಿದ್ದು ವಾಪಸ್ ಬರಲ್ಲ ಅಂದ್ಬುಟ್ರು ಡಾಕ್ಟ್ರು. ಬೆರಳಿಗೆ ಗಾಯವೂ ಇಲ್ಲ ಗೀಯವೂ ಇಲ್ಲ.

ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ದಾರೆ. ನಿನಗಂತೂ ಹೇಳಲೇಬಾರದಂತೆ. ಪೇಪರ್ ಬಂದ್ರೆ ಮುಖದ ಮುಂದೆ ಹಿಡ್ಕೊಂಡು ಕೂತ್ಕೋತಾರೆ. ಮೊನ್ನೆ ಪಕ್ಕದ ಮನೆಯ ಪುಟ್ಟಲಿಂಗಮ್ಮ ಬಂದಾಗ ತಲೆಕೆಳಗು ಹಿಡಿದಿದ್ರು. ಕಾಫಿ ಕೊಡೋ ನೆಪದಲ್ಲಿ ಈಸ್ಕೊಂಡು ತಿರುಗಿಸಿ ಕೊಟ್ಟೆ.

ನಿನ್ನ ಆಗಸ್ಟ್ ಕಾಗದ ನಾನೇ ಓದಿ ಹೇಳ್ದೆ. ಆ "ನೋಡಲ್ಲ ಅನ್ನೋ ಹಟ" ಅನ್ನೋ ಸಾಲು ಬಂತು, ನಿಂತ್ಬುಟ್ಟೆ. "ಯಾಕೆ ನಿಂತೆ, ಓದು" ಅಂದ್ರು. ಓದಿದೆ. ಎದ್ದು ಮೆಟ್ಟಿಲೆಣಿಸ್ಕೊಂಡು ಮೇಲೆ ಹೋಗಿ ರೈಲಿನ ರೂಮಿಗೆ ಬೀಗ ಹಾಕಿ ಬಂದ್ರು. ಆಮೇಲೆ ಎರಡು ತಿಂಗಳು ಆ ರೂಮಿನ ಬಾಗಿಲು ತೆಗೆದಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನಿನಗೇನು ಗೊತ್ತಿತ್ತು ಪಾಪ. ಆದ್ರೆ ಏನಾದ್ರೂ ಮಾಡು. ಮತ್ತೆ ನೆನಪಿರಲಿ, ನಿನ್ನ ಕಾಗದ ಓದಿ ಹೇಳೋಳು ನಾನೇ.


ನ್ಯೂರೆಂಬರ್ಗ್
೯ ನವೆಂಬರ್ ೨೦೦೩

ಭಾವ, ಶರಣು.

ಬೆರಳಿನ ಗಾಯ ಬೇಗ ವಾಸಿಯಾಗಲಿ.

ನಾನು ಬರೆದಿದ್ದು ತಪ್ಪು ಅಂತ ಒಪ್ಪಿಕೊಳ್ಳೋಕೆ ಈ ಕಾಗದ. ಮೊನ್ನೆ ಮತ್ತೆ ಅಂಗಡಿಗೆ ಹೋಗಿ ಮೂರೂ ಕಂಟ್ರೋಲರನ್ನ ಸರಿಯಾಗಿ ಓಡಿಸಿ ನೋಡಿದೆ. ಹೋದ ಸಲ ನೋಡಿದ್ದು ಗಿರಾಕಿಯ ಥರ, ಈ ಸಲ ನೋಡಿದ್ದು ಡ್ರೈವರ್ ಮನೇಲಿ ಬೆಳೆದವನ ಥರ. ದೊಡ್ಡ ಪರದೆಯದ್ದು ಬರೀ ಆಡಂಬರ. ಒಂದು ಸಲ ವೇಗ ತಗ್ಗಿಸೋಕೆ ನಾಲ್ಕು ಸಲ ಬಟನ್ ಒತ್ತಬೇಕು, ಅಷ್ಟರಲ್ಲಿ ಗಾಡಿ ಹೊಳೆಯಲ್ಲಿರುತ್ತೆ.

ಮಕ್ಕಳದ್ದು ಅಂತ ನಾನು ಹೀಗಳೆದ ಪೆಟ್ಟಿಗೆ ಇದೆಯಲ್ಲ, ಅದರ ನಾಬು ಸೊನ್ನೆಗೆ ಬಂದ್ರೆ ಟಕ್ ಅಂತ ನಿಲ್ಲುತ್ತೆ. ಪೂರ್ತಿ ತೆಗೆದರೆ ಆ ತುದಿಯಲ್ಲೂ ತಡೆಯುತ್ತೆ. ಕೈ ಎಲ್ಲಿದೆಯೋ ಗಾಡಿ ಅಷ್ಟೇ ವೇಗ, ನಿಮ್ಮ ರೆಗ್ಯುಲೇಟರಿನ ಹಾಗೆ. ಇಂಜಿನ್ ಬದಲಾಯಿಸೋ ಮುಂಚೆ ನಾಬು ಸೊನ್ನೆಗೆ ತರಲೇಬೇಕು ಅನ್ನೋದನ್ನ ಊನ ಅಂತ ಬರೆದಿದ್ದೆ. ಭಾವ, ಒಂದು ಇಂಜಿನ್ ನಿಲ್ಲಿಸದೆ ಇನ್ನೊಂದಕ್ಕೆ ಹತ್ತೋ ಡ್ರೈವರ್ ಯಾವ ಊರಲ್ಲಿದ್ದಾನೆ? ಫೋಗಲ್ ಅಜ್ಜನಿಗೆ ಈ ಮಾತು ಹೇಳಿದೆ. ಅವರು "ಇಷ್ಟು ವರ್ಷ ಇದನ್ನ ತಪ್ಪು ಜನಕ್ಕೆ ಮಾರ್ತಿದ್ದೆ" ಅಂದರು.

ಅದನ್ನೇ ಕಳಿಸ್ತಿದ್ದೀನಿ, ಕೇಳದೇ. ಜೊತೆಗೆ ಎರಡು ಚಾಸಿಸ್, ನಂಬರ್ ಹಿಡಿಯೋ ಚಿಪ್ಪು ಒಳಗೇ ಕೂಡಿಸಿದೆ. ಸ್ಟೀಮಿನ ನಂಬರ್ ಒಂದು, ಡೀಸೆಲ್ಲಿನ ನಂಬರ್ ಎರಡು. ನಿಮ್ಮ ಹಿತ್ತಾಳೆ ಮೈ ಅದರ ಮೇಲೆ ಕೂರಿಸಿ ಎರಡು ತಿರುಪು ಬಿಗಿದರೆ ಆಯ್ತು. ನನ್ನ ವಿದ್ಯಾರ್ಥಿನಿ ಉರ್ಸುಲಾ ಡಿಸೆಂಬರಿನಲ್ಲಿ ಯೋಗ ಕಲಿಯೋಕೆ ನಿಮ್ಮ ಪಕ್ಕದ ಗೋಕುಲಂ ಬಡಾವಣೆಗೆ ಬರ್ತಾಳೆ, ಅವಳೇ ಮನೆಗೆ ತಂದುಕೊಡ್ತಾಳೆ.

ಜನವರಿ ೨೬ನ್ನ ಯಾರ ಮನೆಗೂ ಹಾಕಬೇಡಿ.

ನಿಮ್ಮ ಸಿದ್ದು

(ಅಕ್ಕಾ, ಈ ಎರಡನೇ ಹಾಳೆ ಓದಿ ಹೇಳಬೇಡ.)

ಅಕ್ಕಾ, ನಿನ್ನ ಕಾಗದ ಬಂದ ದಿನ ಪಾಠ ಮಾಡೋಕೆ ಆಗ್ಲಿಲ್ಲ. ವಿದ್ಯಾರ್ಥಿಗಳನ್ನೆಲ್ಲ ಶವಾಸನದಲ್ಲಿ ಮಲಗಿಸಿ ಮೂಲೆಯಲ್ಲಿ ಕೂತು ಅತ್ತೆ. ಅವರೆಲ್ಲ ಕಣ್ಣು ಮುಚ್ಚಿದ್ರು, ಪುಣ್ಯಕ್ಕೆ.

ಆಮೇಲೆ ಅಂಗಡಿಗೆ ಹೋಗಿ ಫೋಗಲ್ ಅಜ್ಜನಿಗೆ ನಿಜ ಹೇಳಿದೆ. ಅವರು ಅಂಗಡಿ ಮುಚ್ಚಿದೆ ಅಂತ ಬಾಗಿಲಿನ ಬೋರ್ಡ್ ತಿರುಗಿಸಿ, ತಮ್ಮ ಕತ್ತಿನ ಉಣ್ಣೆ ವಸ್ತ್ರ ತೆಗೆದು ನನ್ನ ಕಣ್ಣಿಗೆ ಕಟ್ಟಿದರು. "ಈಗ ಆರಿಸು" ಅಂದರು. ಪರದೆಯದ್ದು ಕೈಗೆ ಕೊಟ್ಟಾಗ ನಾನು ನಿಮಿಷದೊಳಗೆ ಎರಡು ಇಂಜಿನ್ ಒಂದಕ್ಕೊಂದು ಗುದ್ದಿಸಿದೆ. ತುದಿಯಿಲ್ಲದ ನಾಬಿನದ್ದರಲ್ಲಿ ಗಾಡಿ ನಿಂತಿದೆ ಅಂದ್ಕೊಂಡೆ, ಅದು ಮೇಜಿಂದ ಕೆಳಗೆ ಬಿತ್ತು. ಅಜ್ಜ ಬೈಲಿಲ್ಲ. ಮೂರನೆಯದು, ಆ ಮಕ್ಕಳದ್ದು, ಹಿಡ್ಕೊಂಡ ಮೇಲೆ ಕೈಗೆ ದಾರಿ ಗೊತ್ತಾಯ್ತು. ಅವರೂ ಕಣ್ಣು ಕಟ್ಕೊಂಡು ಓಡಿಸಿದರು. ಇಬ್ಬರೂ ಮಧ್ಯಾಹ್ನವಿಡೀ ಅದೇ ಆಟ.

ನಾಬಿನ ಅಂಚಿಗೆ ಅರದಲ್ಲಿ ಒಂದು ಕಚ್ಚು ಹಾಕಿಸಿದ್ದೀನಿ. ಸುತ್ತ ಪೆಟ್ಟಿಗೆ ಮೇಲೆ ಎಂಟು ಗೀರು. ಒಂದನೇ ಬಟನ್ ಮೇಲೆ ಅಂಟಿನ ಒಂದು ಚುಕ್ಕಿ, ಎರಡರ ಮೇಲೆ ಎರಡು. ಭಾವ ಕೇಳಿದ್ರೆ ಕಂಪನಿಯಿಂದಲೇ ಹಾಗೆ ಬಂದಿದೆ ಅನ್ನು.


ಮೈಸೂರು
೨೮ ಡಿಸೆಂಬರ್ ೨೦೦೩

ಸಿದ್ದು,

ಬರೆಯುತ್ತಿರುವವಳು ನಿಮ್ಮಕ್ಕ, ಹೇಳುತ್ತಿರುವವನು ನಾನು. ಇನ್ನು ಮುಂದೆ ಬೆರಳಿನ ಗಾಯದ ಕಥೆ ಬೇಡ.

ಆ ಹೆಣ್ಣುಮಗಳು ಮಂಗಳವಾರ ಬಂದು ಪೆಟ್ಟಿಗೆ ಕೊಟ್ಟಳು. ನಮ್ಮ ಮನೆಯ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದಳು. ಅವಳು ಹೋದ ಮೇಲೆ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ನಾಬು ಸವರಿದೆ. ಕಚ್ಚು ಸಿಕ್ಕಿತು. ಸುತ್ತ ಸವರಿದೆ, ಎಂಟು ಗೀರು. "ಕಂಪನಿಯವರೇ ಮಾಡಿರೋದಂತೆ" ಅಂದಳು ನಿಮ್ಮಕ್ಕ, ನಾನು ಕೇಳುವ ಮುಂಚೆಯೇ. ಮೂವತ್ತನಾಲ್ಕು ವರ್ಷ ಕಬ್ಬಿಣ ಮುಟ್ಟಿದ ಕೈ ಇದು. ಅರದಿಂದ ಉಜ್ಜಿದ್ದು ಯಾವುದು, ಅಚ್ಚಿನಲ್ಲಿ ಬಂದದ್ದು ಯಾವುದು ನನಗೆ ತಿಳಿಯುವುದಿಲ್ಲವೇ? ಕಣ್ಣಿರುವವನಿಗೆ ಯಾರೂ ಕಚ್ಚು ಹಾಕಿ ಕಳಿಸುವುದಿಲ್ಲ.

"ನೀಲಾ, ಅವನಿಗೆ ಹೇಳಿದೆಯಾ?"

"ಹೇಳ್ದೆ."

"ಯಾವಾಗ?"

"ನಿಮ್ಮ ಕಾಗದದಲ್ಲೇ. ನಿಮ್ಮ ಸಹಿ ಕೆಳಗೆ."

ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ನನ್ನ ಸಹಿಯ ಕೆಳಗೆ ನಡೆದದ್ದು ನನಗೇ ಗೊತ್ತಿಲ್ಲವಲ್ಲ ಅಂತ ಸಿಟ್ಟು ಬಂತು. ನೀವಿಬ್ಬರೂ ಸೇರಿ ನನಗೆ ಅಯ್ಯೋ ಪಾಪ ಅಂದಿರಿ ಅಂತಲೂ ಅನ್ನಿಸಿತು. ಆಮೇಲೆ ಅವಳು ನಿನ್ನ ಎರಡನೇ ಹಾಳೆಯನ್ನೂ ಓದಿ ಹೇಳಿಬಿಟ್ಟಳು. ನೀನು ಕಣ್ಣು ಕಟ್ಟಿಕೊಂಡು ಗಾಡಿ ಗುದ್ದಿಸಿದ್ದು ಕೇಳಿ ನಗು ಬಂತು. ನಗುತ್ತಲೇ ಸಾಯಂಕಾಲ ಮೇಲಿನ ರೂಮಿನ ಬಾಗಿಲು ತೆಗೆದೆ.

ಯಾಕೆ ಮುಚ್ಚಿಟ್ಟೆ ಅಂತ ಕೇಳಬೇಡ, ನಾನೇ ಹೇಳುತ್ತೇನೆ. ಡ್ರೈವರಿಗೆ ಗೊತ್ತಾದ ವರ್ಷಕ್ಕೆ ಕಣ್ಣಿನ ಪರೀಕ್ಷೆ ಇರುತ್ತದೆ. ಪ್ರತಿ ಸಲವೂ ನನ್ನ ಕಾಗದದ ಮೇಲೆ "ಎ-ಒನ್" ಅಂತ ಬಿತ್ತು, ಒಂದು ಸಲವೂ ತಪ್ಪಲಿಲ್ಲ. ತಪ್ಪಿದವರು ಏನಾದರು ಅಂತ ನೋಡಿದ್ದೇನೆ. ಇಂಜಿನ್ನಿನಿಂದ ಇಳಿಸಿ ಆಫೀಸಿಗೋ ಸ್ಟೋರಿಗೋ ಕಳಿಸುತ್ತಿದ್ದರು. ಅವರ ಸಂಬಳ ಕಡಿಮೆಯಾಗುತ್ತಿತ್ತೋ ಇಲ್ಲವೋ, ನಮ್ಮ ಲೆಕ್ಕದಲ್ಲಿ ಅವರು ಮುಗಿದುಹೋಗುತ್ತಿದ್ದರು. ಆ ಪಟ್ಟಿಗೆ ನನ್ನ ಹೆಸರು ಸೇರುವುದು ನನ್ನ ಕೈಲಿ ಆಗಲಿಲ್ಲ.

ಈಗ ಕೆಲಸದ ಮಾತು. ಚಾಸಿಸ್ ಮೇಲೆ ಮೈ ಕೂರಿಸಿ ತಿರುಪು ಬಿಗಿದವಳು ನಿಮ್ಮಕ್ಕ. ಹನ್ನೊಂದು ಸ್ವಿಚ್ಚುಗಳನ್ನೂ ಕಿತ್ತು, ಎರಡೇ ಎರಡು ವೈರು ಹಳಿಗೆ ಜೋಡಿಸಿದವಳೂ ಅವಳೇ. ಇಷ್ಟು ವರ್ಷ ನನಗೆ ಊಟದ ಡಬ್ಬ ಕಟ್ಟಿದವಳು ಇಷ್ಟು ಒಳ್ಳೆಯ ಫಿಟ್ಟರ್ ಅಂತ ನನಗೆ ಗೊತ್ತೇ ಇರಲಿಲ್ಲ. (ಕೇಳಿದ್ರೆ ತಾನೇ ಗೊತ್ತಾಗೋದು. ನೀಲ.) ಸೇತುವೆಯ ಕೆಳಗೆ ಎಣ್ಣೆ ಡಬ್ಬದ ತಗಡು ಹಾಕಿದೆವು, ಗಾಡಿ ಅಲ್ಲಿಗೆ ಬಂದರೆ ಸದ್ದು ಟೊಳ್ಳಾಗುತ್ತದೆ. ಕಡಕೊಳದ ಲೂಪಿನ ಕೆಳಗೆ ಕಂಬಳಿ ತುಂಡು, ಅಲ್ಲಿ ಸದ್ದು ಮೆತ್ತಗಾಗುತ್ತದೆ. ಸಿಗ್ನಲ್ಲಿನ ಮುಂದೆ ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಚಕ್ರ ಹತ್ತಿದರೆ ಕಟಕಟ ಅನ್ನುತ್ತದೆ. ಅದಕ್ಕೂ ಮುಂಚೆ ನಿಲ್ಲಿಸಬೇಕು. ಐದು ದಿನದಲ್ಲಿ ಹದಿನೇಳು ಸಲ ತಪ್ಪಿದೆ. ನಿನ್ನೆಯಿಂದ ತಪ್ಪಿಲ್ಲ.

ಆಟದ ಸಾಮಾನು ಅಂದಿದ್ದೆ. ಮಾತು ವಾಪಸ್ ತೆಗೆದುಕೊಂಡೆ. ಇಷ್ಟು ನೆಟ್ಟಗಿನ ರೆಗ್ಯುಲೇಟರ್ ಅಸಲಿ ಇಂಜಿನ್ನಿನಲ್ಲೂ ನನಗೆ ಎರಡೋ ಮೂರೋ ಸಲ ಸಿಕ್ಕಿತ್ತು ಅಷ್ಟೆ.

೨೬ಕ್ಕೆ ಎಲ್ಲರೂ ಬರುತ್ತಾರೆ. ಆದರೆ ಅವರಿಗೆ ಗೊತ್ತಾಗಬಾರದು. ಕಣ್ಣಿರುವವನ ಹಾಗೇ ಓಡಿಸುತ್ತೇನೆ.

ಚನ್ನಬಸವಯ್ಯ


ನ್ಯೂರೆಂಬರ್ಗ್
೧೧ ಜನವರಿ ೨೦೦೪

ಭಾವ,

ಹದಿನೇಳು ಸಲ ತಪ್ಪಿ ಹದಿನೆಂಟನೇ ಸಲ ನಿಲ್ಲಿಸಿದಿರಿ ಅಂತ ಫೋಗಲ್ ಅಜ್ಜನಿಗೆ ಹೇಳಿದೆ. ಅಂಗಡಿಯಲ್ಲಿದ್ದ ಮೂವರು ಗಿರಾಕಿಗಳಿಗೆ ಅವರು ಅಲ್ಲೇ ಕೂಗಿ ಹೇಳಿದರು. ನನ್ನ ಎದೆ ಎಷ್ಟು ಉಬ್ಬಿತು ಅಂದ್ರೆ, ಪ್ರಾಣಾಯಾಮ ಕಲಿಸೋನಿಗೇ ಉಸಿರು ಸಾಲಲಿಲ್ಲ.

೨೬ರಂದು ಅವರಿಗೆ ಹೇಳೋದು ಬಿಡೋದು ನಿಮ್ಮಿಷ್ಟ. ಈ ವಿಷಯದಲ್ಲಿ ನಾನು ಇನ್ನು ಬುದ್ಧಿ ಹೇಳಲ್ಲ.

ಒಂದು ಕೇಳಬೇಕಿತ್ತು. ಗುರುಸಿದ್ದಯ್ಯ ಮಾವ ಬರ್ತಾರಾ? ಅವರೂ ನಿಮ್ಮ ಜೊತೆ ಡ್ರೈವರ್ ಆಗಿದ್ದರಲ್ಲ, ವಾರಕ್ಕೆರಡು ಸಲ ನಮ್ಮ ಮನೆಗೆ ಬರೋರು. ನಾನು ಕಾಲೇಜಿನಲ್ಲಿದ್ದಾಗ ಇದ್ದಕ್ಕಿದ್ದ ಹಾಗೆ ಬರೋದು ನಿಲ್ಲಿಸಿದರು. ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ.

ಸಿದ್ದು


ಮೈಸೂರು
೨ ಫೆಬ್ರವರಿ ೨೦೦೪

ಸಿದ್ದು,

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಆ ಪ್ರಶ್ನೆ ನಿಮ್ಮಕ್ಕ ಓದಿದ ದಿನದಿಂದ ನನಗೆ ಸಮಾಧಾನವಿರಲಿಲ್ಲ.

೮೪ರಲ್ಲಿ ಗುರುಸಿದ್ದಯ್ಯ ಕಣ್ಣಿನ ಪರೀಕ್ಷೆಯಲ್ಲಿ ತಪ್ಪಿದ. ಅವನಿಗೆ ಅಷ್ಟರಲ್ಲಿ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದಾಗಿತ್ತು. ಇಂಜಿನ್ನಿನಿಂದ ಇಳಿಸಿ ಸ್ಟೋರಿಗೆ ಹಾಕಿದರು. ಮೊದಲ ವಾರ ಪ್ಲಾಟ್‌ಫಾರಂನಲ್ಲಿ ಅವನು ಎದುರಿಗೆ ಬಂದ. ನಾನು ಇಂಜಿನ್ನಿನ ಆ ಪಕ್ಕಕ್ಕೆ ಹೋಗಿ ಎಣ್ಣೆ ಬಿಡುವವನ ಹಾಗೆ ಬಗ್ಗಿ ನಿಂತೆ. ಏನು ಮಾತಾಡಬೇಕೋ ತಿಳಿಯಲಿಲ್ಲ ಅಂತ ಅವತ್ತು ಅಂದುಕೊಂಡೆ. ನಿಜ ಬೇರೆ. ಅವನ ದುರದೃಷ್ಟ ನನಗೂ ಅಂಟೀತು ಅಂತ ಹೆದರಿದ್ದೆ. ಅವನು ನೋಡಿದ. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ನಾನು ಯಾವತ್ತೂ ಹೆದರಿದವನಲ್ಲ ಅಂತ ನಿನಗೆ ಬರೆಸಿದ್ದೆನಲ್ಲ, ಆ ಸಾಲು ಹೊಡೆದುಹಾಕು.

ಈ ಸಲ ಅವನಿಗೆ ನಾನೇ ಫೋನು ಮಾಡಿ ಕರೆದೆ. ಬಂದ.

ಒಟ್ಟು ಹನ್ನೊಂದು ಜನ. ನಿಮ್ಮಕ್ಕ ಎಲ್ಲರನ್ನೂ ಗೋಡೆಗೆ ಒರಗಿಸಿ ಕೂರಿಸಿದಳು. ನಾನು ನೆಟ್ಟಗೆ ನಡೆದು ಹೋಗಿ ಪೆಟ್ಟಿಗೆ ಹಿಡಿದೆ. ಒಂದನೇ ಬಟನ್ ಒತ್ತಿ ಸ್ಟೀಮ್ ಗಾಡಿಯನ್ನು ಮೈಸೂರಿನಿಂದ ಬಿಟ್ಟೆ. ಸದ್ದು ಮೆತ್ತಗಾಯಿತು, ಕಡಕೊಳದ ಲೂಪಿಗೆ ಬಂತು. ನಾಬು ಸೊನ್ನೆಗೆ ತಂದೆ, ನಿಂತಿತು. ಎರಡನೇ ಬಟನ್. ಡೀಸೆಲ್ ಗಾಡಿ ನಂಜನಗೂಡಿನಿಂದ ಹೊರಟು ಸೇತುವೆ ಮೇಲೆ ಗುಡುಗಿತು. ಆ ಸದ್ದಿಗೆ ಯಾರೋ "ಆಹಾ, ಕಪಿಲೆ!" ಅಂದರು. ನಿಂತ ಗಾಡಿಯ ಪಕ್ಕದಲ್ಲಿ ಅದು ಹಾದು ಮೈಸೂರು ಸೇರಿತು. ಮತ್ತೆ ಸೊನ್ನೆ, ಮತ್ತೆ ಒಂದು. ಸ್ಟೀಮ್ ಗಾಡಿ ಲೂಪಿನಿಂದ ಎದ್ದು ನಂಜನಗೂಡಿಗೆ ಹೋಯಿತು. ಒಂದು ಚಕ್ರ ತಪ್ಪಲಿಲ್ಲ, ಸಿದ್ದು. ಅಷ್ಟು ಜನ ರೈಲ್ವೆಯವರು ಚಪ್ಪಾಳೆ ತಟ್ಟಿದರು. ನನ್ನ ರಿಟೈರ್‌ಮೆಂಟಿನ ದಿನವೂ ಅಂಥ ಚಪ್ಪಾಳೆ ಬಿದ್ದಿರಲಿಲ್ಲ.

ಗಾರ್ಡ್ ಮರಿಸ್ವಾಮಿ ಕೂಗಿದ: "ನಿನ್ನ ಕಣ್ಣು ಇನ್ನೂ ಎ-ಒನ್ ಕಣಯ್ಯಾ!"

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅಂದುಕೊಂಡಿದ್ದೂ ಅದನ್ನೇ. ಆದರೆ ಬಾಗಿಲ ಕಡೆಯಿಂದ ಗುರುಸಿದ್ದಯ್ಯನ ಕೆಮ್ಮು ಕೇಳಿಸಿತು. ಅವನು ಎಲ್ಲರಿಗಿಂತ ದೂರ ಕೂತಿದ್ದ ಅಂತ ಗೊತ್ತಾಯಿತು. ಇಪ್ಪತ್ತು ವರ್ಷದಿಂದ ಅವನು ಹಾಗೇ ಕೂತಿರಬೇಕು.

"ಕಣ್ಣಿಲ್ಲ ಕಣ್ರಯ್ಯಾ ನನಗೆ," ಅಂದೆ. "ಅಕ್ಟೋಬರಿಗೇ ಹೋಯ್ತು. ಈಗ ಓಡಿಸಿದ್ದು ಕಿವಿಯಲ್ಲಿ, ಕೈಯಲ್ಲಿ."

ಆಮೇಲೆ ಹೆಜ್ಜೆ ಸದ್ದು. ಹತ್ತಿರ ಬಂದವನು ಗುರುಸಿದ್ದಯ್ಯ.

"ನನಗೆ ಹೇಳಬಾರದಾಗಿತ್ತಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ ಗುರುಸಿದ್ದ? ಅವತ್ತು ಪ್ಲಾಟ್‌ಫಾರಂನಲ್ಲಿ ನಿನ್ನ ನೋಡಿಯೂ ನೋಡದ ಹಾಗೆ ಬಗ್ಗಿದೆನಲ್ಲ. ನನ್ನಿಂದ ತಪ್ಪಾಯ್ತು."

ಅವನು ನನ್ನ ಕೈ ಮೇಲೆ ಕೈ ಇಟ್ಟ. ಆ ಕೈಗೆ ನಾಬು ದಾಟಿಸಿದೆ.

"ಬ್ಯಾಡ ಕಣೋ. ಇಪ್ಪತ್ತು ವರ್ಷ ಆಗೋಯ್ತು ನಾನು ಗಾಡಿ ಹಿಡಿದು."

"ಡೀಸೆಲ್ ಮೈಸೂರಲ್ಲಿ ನಿಂತಿದೆ. ಎರಡನೇ ಬಟನ್ ಒತ್ತು. ಕಡಕೊಳದ ಹೋಮ್ ಸಿಗ್ನಲ್ಲಿಗೆ ತಂದು ನಿಲ್ಲಿಸು."

ಒತ್ತಿದ. ಗಾಡಿ ಬಹಳ ನಿಧಾನ ಹೊರಟಿತು, ಮಲಗಿದವರನ್ನು ಎಬ್ಬಿಸದ ಹಾಗೆ. ಅವನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಸಿಗ್ನಲ್ ಹತ್ತಿರ ಬಂತು. ನಿಲ್ಲಿಸುವುದು ಒಂದು ಗಳಿಗೆ ತಡವಾಯಿತು. ಪಾಯಿಂಟಿನ ಮೇಲೆ ಚಕ್ರ ಹತ್ತಿ ಕಟಕಟ ಅಂದದ್ದು ನನಗೆ ಕೇಳಿಸಿತು, ಅವನಿಗೂ ಕೇಳಿಸಿರಬೇಕು. ಡ್ಯೂಟಿಯಲ್ಲಿ ಸಿಗ್ನಲ್ ದಾಟಿದರೆ ಅದೇ ದಿನ ಸಸ್ಪೆಂಡ್. ರೂಮು ತುಂಬ ರೈಲ್ವೆಯವರು ನೋಡುತ್ತಿದ್ದರು. ನಮ್ಮಲ್ಲಿ ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಹೇಳುವ ಮಾತು ಒಂದೇ.

"ರೈಟ್ ಟೈಮ್," ಅಂದೆ ನಾನು.

ಚನ್ನಬಸವಯ್ಯ